ಹಳ್ಳದ ನೀರು ತಿಳಿಯಾಗಿದ್ದರೆ ಶುದ್ಧವೇ? ಗಣಿ ನೀರು ಮತ್ತು ಪಾಚಿಯ ಅಸಲಿ ವಿಷಯ

"ಕಲ್ಲಿನ ಮೇಲೆ ಪಾಚಿ ಕಟ್ಟಿದ್ದರೆ ನೀರು ಕೆಟ್ಟಿದೆ, ತಳ ಕಾಣುವಷ್ಟು ತಿಳಿಯಾಗಿದ್ದರೆ ಶುದ್ಧ." ಈ ಮಾತನ್ನು ಮನೆಯ ಹಿರಿಯರಿಂದ ಕೇಳಿರುತ್ತೀರಿ, ಮೊಬೈಲ್‌ನಲ್ಲೂ ಓದಿರುತ್ತೀರಿ. ಇದು ನಿಜವೇ? ಅರ್ಧದಷ್ಟೂ ನಿಜವಲ್ಲ. ಗಣಿಗಳ ಆಸುಪಾಸಿನಲ್ಲಂತೂ ಇದನ್ನು ನಂಬಿದರೆ ಅಪಾಯ.

ಹರಿಯುವ ಹಳ್ಳದಲ್ಲಿ ಕಾಲಿಟ್ಟರೆ ಕಲ್ಲು ಜಾರುತ್ತದಲ್ಲ, ಆ ಕಂದು ಬಣ್ಣದ ಲೋಳೆಯಲ್ಲಿ ಹೆಚ್ಚಿನದು ಡಯಾಟಮ್ ಎಂಬ ಸೂಕ್ಷ್ಮ ಪಾಚಿ. ಅದರ ಕವಚ ಸಿಲಿಕಾದ್ದು, ಅಂದರೆ ಗಾಜಿನಂಥದ್ದು. ಒಂದೇ ಕಲ್ಲಿನ ಮೇಲೆ ಹತ್ತಾರು ಜಾತಿಗಳು ಇರುತ್ತವೆ. ಹುಳು, ಬಸವನಹುಳು, ಮೀನುಮರಿಗಳಿಗೆ ಇದೇ ಮೇವು. ಆರೋಗ್ಯವಂತ ಹಳ್ಳದಲ್ಲಿ ಈ ತೆಳು ಲೋಳೆ ಇರಲೇಬೇಕು.

ಗಣಿಯಿಂದ ಇದಕ್ಕೆ ಬರುವ ಮೊದಲ ಹೊಡೆತ ಹೂಳು. ಅಗೆದ ಮಣ್ಣು ಮಳೆಗೆ ಕೊಚ್ಚಿ ಬಂದು ಬಿಸಿಲನ್ನು ತಡೆಯುತ್ತದೆ, ಕಲ್ಲಿಗೆ ಅಂಟಿದ ಪಾಚಿಯನ್ನು ಉಜ್ಜಿ ಕೀಳುತ್ತದೆ, ಉಳಿದದ್ದನ್ನು ಹೂಳುತ್ತದೆ. ಆಗ ಅಂಟಿ ಬದುಕುವ ಜಾತಿಗಳು ಹೋಗಿ, ಹೂಳಿನೊಳಗಿಂದ ತೆವಳಿ ಮೇಲೆ ಬರಬಲ್ಲ ನ್ಯಾವಿಕ್ಯುಲಾ, ನಿಟ್ಜ್‌ಶಿಯಾದಂಥ ಡಯಾಟಮ್‌ಗಳು ಹೆಚ್ಚುತ್ತವೆ. ಈ ತೆವಳುವವುಗಳ ಪ್ರಮಾಣ ಎಣಿಸಿಯೇ ವಿಜ್ಞಾನಿಗಳು ಹಳ್ಳಕ್ಕೆ ಎಷ್ಟು ಹೂಳು ಬಿದ್ದಿದೆ ಎಂದು ಅಂದಾಜು ಮಾಡುತ್ತಾರೆ. ನಮ್ಮ ರಾಜ್ಯದಲ್ಲಿ ಹೂಳಿನ ದೊಡ್ಡ ಉದಾಹರಣೆ ಕುದುರೆಮುಖ. ಭದ್ರಾ ನದಿಯ ಮೇಲ್ಭಾಗದಲ್ಲಿದ್ದ ಆ ಕಬ್ಬಿಣದ ಗಣಿ ಸುಪ್ರೀಂ ಕೋರ್ಟ್‌ನ 2002ರ ಆದೇಶದಂತೆ 2005ರ ಕೊನೆಗೆ ನಿಂತಿತು.

ಎರಡನೆಯದು ಲೋಹ. ತಾಮ್ರ, ಸತು, ಕ್ಯಾಡ್ಮಿಯಂ ನೀರಿಗೆ ಸೇರಿದರೆ ಸೂಕ್ಷ್ಮ ಜಾತಿಗಳು ಸಾಯುತ್ತವೆ, ತಾಳಿಕೊಳ್ಳುವ ನಾಲ್ಕಾರು ಜಾತಿ ಉಳಿಯುತ್ತವೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕೆಲವು ಡಯಾಟಮ್‌ಗಳ ಕವಚ ಸೊಟ್ಟಗಾಗಿರುತ್ತದೆ. ಇಲ್ಲೊಂದು ತಿರುವು ಇದೆ. ಲೋಹದಿಂದ ಪಾಚಿ ಮೇಯುವ ಹುಳುಗಳೂ ಸಾಯುವುದರಿಂದ, ತಾಳಿಕೊಂಡ ಪಾಚಿ ಕೆಲವೊಮ್ಮೆ ಮೊದಲಿಗಿಂತ ದಟ್ಟವಾಗಿ ಬೆಳೆಯುತ್ತದೆ! ಹಾಗಾಗಿ ಹಸಿರು ಎಷ್ಟಿದೆ ಎಂಬುದಕ್ಕಿಂತ ಎಷ್ಟು ಬಗೆಯ ಪಾಚಿ ಇದೆ ಎಂಬುದೇ ಮುಖ್ಯ.

ಇನ್ನು ಆಮ್ಲದ ನೀರು. ಗಂಧಕವಿರುವ ಅದಿರಿಗೆ ಗಾಳಿ, ನೀರು ತಾಗಿದರೆ ಗಂಧಕಾಮ್ಲ ಹುಟ್ಟಿ, ಹಳ್ಳದ ತಳಕ್ಕೆ ಕಿತ್ತಳೆ ಬಣ್ಣದ ಕಬ್ಬಿಣದ ಗಸಿ ಕೂರುತ್ತದೆ. ವಿಜಯಪುರ ಜಿಲ್ಲೆಯವರು ಇದಕ್ಕೆ ಹೆಚ್ಚು ಹೆದರಬೇಕಿಲ್ಲ. ಇಲ್ಲಿನ ಕರಿಕಲ್ಲು ಮತ್ತು ತಾಳಿಕೋಟೆ ಕಡೆಯ ಸುಣ್ಣದಕಲ್ಲು ಆಮ್ಲವನ್ನು ತಣಿಸುತ್ತವೆ.

ಇಂಡಿ, ಸಿಂದಗಿಯ ಭೀಮಾ ದಂಡೆಯಲ್ಲಿ ಸಮಸ್ಯೆ ಬೇರೆ, ಅದು ಮರಳು. ಮರಳಿನ ಕಣಕಣಕ್ಕೂ ಪಾಚಿ ಅಂಟಿರುತ್ತದೆ. ಮರಳು ಎತ್ತಿದರೆ ಆ ಪಾಚಿಯ ಮನೆಯೇ ಲಾರಿ ಹತ್ತಿ ಹೋದಂತೆ. ಬಸವನ ಬಾಗೇವಾಡಿ, ಮುದ್ದೇಬಿಹಾಳ ಕಡೆ ಹರಿಯುವ ಡೋಣಿಯ ಕಥೆಯೂ ಬೇರೆ. ಅದರ ನೀರು ಉಪ್ಪು, ಉಪ್ಪು ತಾಳುವ ಪಾಚಿಯೇ ಅಲ್ಲಿ ಸಹಜ. ಅದಕ್ಕೆ ಗಣಿಯನ್ನು ದೂರಿ ಫಾರ್ವರ್ಡ್ ಮಾಡಬೇಡಿ. ಕಾಲುವೆಯಲ್ಲಿ ಕೂದಲಿನಂತೆ ಎಳೆಎಳೆಯಾಗಿ ಬೆಳೆಯುವ ಹಸಿರು ಪಾಚಿಗೆ ಹೆಚ್ಚಾಗಿ ಹೊಲದಿಂದ ಬಸಿದ ಗೊಬ್ಬರವೇ ಕಾರಣ. ಆದರೆ ನಿಂತ ನೀರಿನ ಮೇಲೆ ಹಸಿರು ಬಣ್ಣ ಚೆಲ್ಲಿದಂತೆ ಕೆನೆಗಟ್ಟಿದ್ದರೆ ದನಗಳಿಗೆ ಕುಡಿಸಬೇಡಿ, ಅದರಲ್ಲಿ ವಿಷವಿರಬಹುದು.

ನಿಜವಾಗಿ ಹೆದರಬೇಕಾದದ್ದು ಕಣ್ಣಿಗೆ ಕಾಣದ ಆರ್ಸೆನಿಕ್. ಮುದ್ದೇಬಿಹಾಳದಿಂದ ಕೃಷ್ಣೆ ದಾಟಿದರೆ ಲಿಂಗಸುಗೂರು ತಾಲ್ಲೂಕಿನ ಹಟ್ಟಿ ಚಿನ್ನದ ಗಣಿ. ಪೂರ್ವಕ್ಕೆ ಹೋದರೆ ಸುರಪುರ ಸೀಮೆಯಲ್ಲಿ ಮಂಗಳೂರು ಎಂಬ ಊರಿನ (ಕರಾವಳಿಯದಲ್ಲ) ಹಳೆಯ, ಮುಚ್ಚಿದ ಚಿನ್ನದ ಗಣಿ. ಈ ಭಾಗದ ಚಿನ್ನದ ಬಂಡೆಗಳಲ್ಲಿ ಆರ್ಸೆನಿಕ್ ಇರುವ ಖನಿಜವೂ ಇದೆ. ಮಂಗಳೂರು ಗಣಿಗೆ ಹತ್ತಿರದ ಕಿರದಳ್ಳಿ ತಾಂಡಾದಲ್ಲಿ ಅಂತರ್ಜಲ ಕುಡಿದವರ ಚರ್ಮದ ಮೇಲೆ ಕಲೆ, ಗಂಟುಗಳು ಎದ್ದವು. ಕ್ಯಾನ್ಸರ್ ಪ್ರಕರಣಗಳೂ ವರದಿಯಾದವು. ಕುಡಿಯುವ ನೀರಿನಲ್ಲಿ ಲೀಟರಿಗೆ 10 ಮೈಕ್ರೋಗ್ರಾಂ ದಾಟಬಾರದು ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಪಾಚಿಯಾದರೋ ಆರ್ಸೆನಿಕ್ಕನ್ನು ತನಗೆ ಬೇಕಾದ ಫಾಸ್ಫೇಟ್ ಎಂದೇ ತಪ್ಪು ತಿಳಿದು ಒಳಗೆಳೆದುಕೊಳ್ಳುತ್ತದೆ, ಅದನ್ನು ಮೇಯುವ ಜೀವಿಗಳಿಗೂ ದಾಟಿಸುತ್ತದೆ.

ಆರ್ಸೆನಿಕ್ ಬೆರೆತ ನೀರಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಕುದಿಸಿದರೂ ಅದು ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಗಟ್ಟಿಯಾಗುತ್ತದೆ. ಬಟ್ಟೆಯಲ್ಲಿ ಸೋಸಿದರೂ ಅಷ್ಟೇ. ಬೋರ್‌ವೆಲ್ ನೀರಿನ ಬಗ್ಗೆ ಅನುಮಾನವಿದ್ದರೆ ಗ್ರಾಮ ಪಂಚಾಯಿತಿಗೆ ತಿಳಿಸಿ, ಜಿಲ್ಲಾ ಪ್ರಯೋಗಾಲಯಕ್ಕೆ ಮಾದರಿ ಕಳಿಸುವಾಗ "ಆರ್ಸೆನಿಕ್ ಪರೀಕ್ಷೆಯೂ ಬೇಕು" ಎಂದು ಬಾಯಿಬಿಟ್ಟು ಕೇಳಿ.