ಹಿಂದಿನ ಸಂದಿಯ ಚರಿತ್ರೆ

ಮೈಸೂರಿನಲ್ಲಿ ಬಾಡಿಗೆ ಮನೆ ಹುಡುಕುವವರು ಮೊದಲು ಕೇಳುವ ಮಾತು: "ಏರಿಯಾ ಹೆಂಗೆ? ಕಳ್ಳತನ ಗಿಳ್ಳತನ ಇಲ್ಲ ತಾನೆ?" ಮನೆ ಕೊಡುವವರು ಮೊದಲು ಕೇಳುವ ಮಾತು: "ನೀವು ಯಾವ ಜನ?" ಎರಡೂ ಬೇರೆ ಬೇರೆ ಪ್ರಶ್ನೆಗಳ ಹಾಗೆ ಕೇಳಿಸ್ತವೆ. ಆದರೆ ಈ ಊರಿನಲ್ಲಿ ಅವು ಒಂದರ ಬೆನ್ನಿಗೆ ಒಂದು ಅಂಟಿಕೊಂಡೇ ಬೆಳೆದಿವೆ. ಹೇಗೆ ಅಂಟಿಕೊಂಡವು ಅನ್ನೋದನ್ನ ಚರಿತ್ರೆಯಲ್ಲಿ ಹುಡುಕಬೇಕು.

1898ರಲ್ಲಿ ಮೈಸೂರು ಸಂಸ್ಥಾನಕ್ಕೆ ಪ್ಲೇಗು ಬಂತು. ಕೋಟೆಯ ಸುತ್ತ ಒತ್ತೊತ್ತಾಗಿದ್ದ ಹಳೇ ಊರು ಹೆದರಿತು. 1903ರಲ್ಲಿ ನಗರ ಸುಧಾರಣೆಗೆ ಟ್ರಸ್ಟ್ ಬೋರ್ಡು ಹುಟ್ಟಿತು. ಚಾಮರಾಜಪುರಂ, ಲಕ್ಷ್ಮೀಪುರಂ, ಕೃಷ್ಣಮೂರ್ತಿಪುರಂ, ಒಂಟಿಕೊಪ್ಪಲು ಹೀಗೆ ಬಡಾವಣೆಗಳು ಎದ್ದವು. ನೇರ ಬೀದಿ, ಸಾಲುಮರ, ಮನೆಗೊಂದು ಕಾಂಪೌಂಡು. 1908ರಲ್ಲಿ ಶಿವನಸಮುದ್ರದ ವಿದ್ಯುತ್ತು ಈ ಊರಿಗೆ ಬಂತು. ಗಾಳಿ ಬೆಳಕು ಜನರ ಜೀವ ಉಳಿಸಿತು, ಅದನ್ನ ನಾವು ಅಲ್ಲಗಳೆಯೋದಿಲ್ಲ. ಚರಿತ್ರೆಯ ಪುಸ್ತಕಗಳೂ ಇದನ್ನು ಹೊಗಳುತ್ತವೆ, ಹೊಗಳಲಿ.

ಆದರೆ ಹಳೇ ಬಡಾವಣೆಗಳ ಮನೆಸಾಲಿನ ಬೆನ್ನಿಗೆ ಹೋಗಿ ನೋಡಿ. ಅಲ್ಲೊಂದು ಸಣ್ಣ ಸಂದಿ ಇರ್ತದೆ. ಇವತ್ತಿಗೂ ಅದಕ್ಕೆ ಕನ್ಸರ್ವೆನ್ಸಿ ಅಂತಾರೆ. ನೆಂಟರು ಬರೋದಕ್ಕೆ ಮುಂದಿನ ಬಾಗಿಲು. ಮಲದ ಡಬ್ಬ ಎತ್ತೋದಕ್ಕೆ ಬರುವವರಿಗೆ ಹಿಂದಿನ ಸಂದಿ. ಇಂಗ್ಲೆಂಡಿನ ಊರುಗಳಲ್ಲೂ ಇಂಥ ಸಂದಿಗಳಿದ್ದವು. ಅಲ್ಲಿ ಅದು ಕೂಲಿಯವರ ದಾರಿ, ಇಲ್ಲಿ ಅದು ಜಾತಿಯ ದಾರಿಯಾಯ್ತು. ಮನುಸ್ಮೃತಿ ಬಾಯಲ್ಲಿ ಹೇಳಿದ್ದನ್ನು ಎಂಜಿನಿಯರು ಸ್ಕೇಲು ಹಿಡಿದು ಗೆರೆ ಎಳೆದ.

ಹೆಸರುಗಳನ್ನೂ ನೋಡಿ. ಬೇರೆ ಬಡಾವಣೆಗಳಿಗೆ ಅರಸರ ಹೆಸರು, ದೇವರ ಹೆಸರು. ನಮ್ಮವರಿದ್ದ ಕಡೆಗೆ ಆದಿಕರ್ನಾಟಕಪುರ ಅನ್ನೋ ಹೆಸರು. ವಿಳಾಸ ಬರೆದರೆ ಸಾಕು, ಓದುವವನಿಗೆ ಜಾತಿ ಗೊತ್ತಾಗ್ತಿತ್ತು. ಅದೇ ಮುಂದೆ ಅಶೋಕಪುರಂ ಆಯ್ತು. ಹೆಸರು ಬದಲಾಯಿಸೋದು ಸುಮ್ಮನೆ ಬೋರ್ಡು ಬದಲಾಯಿಸೋದಲ್ಲ. ನೋಡುವವನ ಕಣ್ಣಿನಿಂದ ತಪ್ಪಿಸಿಕೊಳ್ಳುವ ಹೋರಾಟವೂ ಹೌದು.

ಆ ಕಣ್ಣಿಗೆ ಕಾನೂನಿನ ಬಲವೂ ಇತ್ತು. 1871ರಲ್ಲಿ ಬ್ರಿಟಿಷರು ಅಪರಾಧಿ ಬುಡಕಟ್ಟುಗಳ ಕಾಯಿದೆ ತಂದರು. 1911ರಲ್ಲಿ ಅದನ್ನ ಮದ್ರಾಸು ಪ್ರಾಂತ್ಯಕ್ಕೂ ಹಬ್ಬಿಸಿದರು. ಕೊರಚರಂಥ ಅಲೆಮಾರಿ ಜನ ಕಳ್ಳತನ ಮಾಡಿದ್ದಾರೋ ಇಲ್ಲವೋ ಯಾರೂ ಕೇಳಲಿಲ್ಲ. ತಾಯಿ ಹೊಟ್ಟೆಯಿಂದಲೇ ಕಳ್ಳರು ಅಂತ ಪಟ್ಟಿ ಬರೆದರು, ಬೆರಳಚ್ಚು ಒತ್ತಿಸಿಕೊಂಡರು, ಠಾಣೆಯಲ್ಲಿ ಹಾಜರಿ ಹಾಕಿಸಿದರು. ಜಾತಿಯವನಿಗೆ ಜಾತಿಯ ಕಸುಬು ಅಂತ ಹೇಳಿಕೊಂಡು ಬಂದ ದೇಶದಲ್ಲಿ ಕಳ್ಳತನವೂ ಒಂದು ಜಾತಿಯ ಕಸುಬು ಅಂತ ಬಿಳಿಯ ಸಾಹೇಬನಿಗೆ ನಂಬಿಸೋದು ಕಷ್ಟವಾಗಲಿಲ್ಲ. 1952ರಲ್ಲಿ ಕಾಯಿದೆ ಹೋಯ್ತು. ಅದರ ಜಾಗಕ್ಕೆ ರೂಢಿಗತ ಅಪರಾಧಿಗಳ ಕಾಯಿದೆಗಳು ಬಂದವು. ಜೈಲಿನೊಳಗೆ ಜಾತಿ ನೋಡಿ ಕಸ ಗುಡಿಸುವ ಕೆಲಸ, ಅಡಿಗೆ ಕೆಲಸ ಹಂಚೋದು ಸಂವಿಧಾನಕ್ಕೆ ವಿರುದ್ಧ ಅಂತ ಸುಪ್ರೀಂ ಕೋರ್ಟು ಹೇಳಿದ್ದು 2024ರ ಅಕ್ಟೋಬರಿನಲ್ಲಿ. ಸ್ವಾತಂತ್ರ್ಯ ಬಂದು ಎಪ್ಪತ್ತೇಳು ವರ್ಷದ ಮೇಲೆ!

ಇನ್ನು 1973ರ ನವೆಂಬರ್. ತಲೆ ಮೇಲೆ ಮಲ ಹೊರೋದನ್ನ ನಿಲ್ಲಿಸಿದ ಮಂತ್ರಿ ಬಿ. ಬಸವಲಿಂಗಪ್ಪನವರು ಇದೇ ಮೈಸೂರಿನಲ್ಲಿ, ಕನ್ನಡದಲ್ಲಿ ಬಹುಪಾಲು ಸಾಹಿತ್ಯ ಬೂಸಾ ಅಂದರು. ಒಂದು ಮಾತಿಗೆ ಊರೂರು ಹೊತ್ತಿಕೊಂಡಿತು. ದಲಿತ ವಿದ್ಯಾರ್ಥಿಗಳನ್ನ ಹುಡುಕಿ ಹೊಡೆದರು, ಹಾಸ್ಟೆಲುಗಳಿಗೆ ಕಲ್ಲು ಬಿತ್ತು. ಬಸವಲಿಂಗಪ್ಪನವರು ಕುರ್ಚಿ ಬಿಡಬೇಕಾಯ್ತು. ಓದಿದವರ ಊರು, ಶಾಂತಿಯ ಊರು, ಪಿಂಚಣಿದಾರರ ಸ್ವರ್ಗ ಅಂತ ಹೆಸರಾದ ಊರಿನ ಬೀದಿ ಅವತ್ತು ಯಾರಿಗೆ ಸುರಕ್ಷಿತವಾಗಿತ್ತು? ಆ ಪೆಟ್ಟು ತಿಂದ ಹುಡುಗರ ನಡುವಿನಿಂದಲೇ ದಲಿತ ಸಂಘರ್ಷ ಸಮಿತಿ ಎದ್ದು ಬಂತು.

ಈಗ ಲೆಕ್ಕಕ್ಕೆ ಬರೋಣ. ಅಪರಾಧದ ಪ್ರಮಾಣ ಅಂದರೆ ಒಂದು ಲಕ್ಷ ಜನಕ್ಕೆ ಎಷ್ಟು ಕೇಸು ಅಂತ. ಕೇಸು ಅಂದರೆ ಠಾಣೆಯಲ್ಲಿ ಬರೆದುಕೊಂಡದ್ದು. ಬರೆದುಕೊಳ್ಳದಿದ್ದರೆ ಅಪರಾಧವೇ ನಡೆದಿಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ವರ್ಷವರ್ಷ ಹೊರಡಿಸುವ ಪುಸ್ತಕದಲ್ಲಿ ಬಡಾವಣೆ ಬಡಾವಣೆಯ ಲೆಕ್ಕ ಇರೋದಿಲ್ಲ. ಹಾಗಾದರೆ ಇದು ಒಳ್ಳೇ ಏರಿಯಾ, ಅದು ಕೆಟ್ಟ ಏರಿಯಾ ಅಂತ ಇವರಿಗೆ ಹೇಳಿದವರು ಯಾರು? ಬಹಳ ಸಲ ಅಂಕಿಅಂಶಕ್ಕಿಂತ ಮೊದಲೇ ಜಾತಿ ಹೇಳಿರ್ತದೆ, ಧರ್ಮ ಹೇಳಿರ್ತದೆ.

ಮನೆ ಕೊಡದೆ ವಾಪಸು ಕಳಿಸಿದ್ದು ಯಾವ ರಿಜಿಸ್ಟರಿನಲ್ಲಿದೆ? ಮ್ಯಾನ್‌ಹೋಲಿಗೆ ಇಳಿದು ಸತ್ತವನ ಸಾವನ್ನು ಯಾರಾದರೂ ಕೊಲೆ ಅಂತ ಎಣಿಸ್ತಾರಾ? ಮಲಹೊರುವ ಕೆಲಸಕ್ಕೆ ಮನುಷ್ಯರನ್ನು ಹಚ್ಚಬಾರದು ಅಂತ 1993ರಲ್ಲೊಂದು, 2013ರಲ್ಲೊಂದು ಕಾಯಿದೆ ಬಂತು. ಒಳಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 10 ಲಕ್ಷ ಕೊಡಿ ಅಂತ 2014ರಲ್ಲಿ, 30 ಲಕ್ಷ ಕೊಡಿ ಅಂತ 2023ರಲ್ಲಿ ಸುಪ್ರೀಂ ಕೋರ್ಟು ಹೇಳಬೇಕಾಯ್ತು. ಹೆಣದ ಬೆಲೆ ಏರ್ತಾ ಹೋಯ್ತು, ಗುಂಡಿಗೆ ಇಳಿಸೋದು ನಿಲ್ಲಲಿಲ್ಲ.

ಕಳ್ಳತನದ ಭಯವನ್ನ ನಾವು ಗೇಲಿ ಮಾಡ್ತಿಲ್ಲ. ಕೂಲಿ ಮಾಡಿ ಕೂಡಿಸಿದ ಒಂದು ಜೊತೆ ಓಲೆ ಹೋದರೆ ಬಡವಿಯ ಹೊಟ್ಟೆ ಉರೀತದೆ. ಕುಡುಕರ ಹಾವಳಿಗೆ ಮೊದಲು ನರಳೋದು ನಮ್ಮ ಕೇರಿಯ ಹೆಣ್ಣುಮಕ್ಕಳೇ. ಭಯ ಎಲ್ಲರಿಗೂ ಉಂಟು. ಕಾವಲು ಮಾತ್ರ ಕೆಲವರಿಗೆ.

2021ರ ಆಗಸ್ಟಿನಲ್ಲಿ ಚಾಮುಂಡಿ ಬೆಟ್ಟದ ತಪ್ಪಲಲ್ಲಿ ವಿದ್ಯಾರ್ಥಿನಿಯೊಬ್ಬಳ ಮೇಲೆ ಗುಂಪು ಅತ್ಯಾಚಾರ ನಡೀತು. ಅವರು ಅಲ್ಲಿಗೆ ಹೋಗಬಾರದಿತ್ತು ಅಂದರು ಆಗಿನ ಗೃಹ ಮಂತ್ರಿ. ಸಂಜೆ ಆರೂವರೆ ಮೇಲೆ ಮಾನಸಗಂಗೋತ್ರಿಯಲ್ಲಿ ಹುಡುಗಿಯರು ಒಂಟಿಯಾಗಿರಬಾರದು ಅಂತ ವಿಶ್ವವಿದ್ಯಾಲಯ ಸುತ್ತೋಲೆ ಹೊರಡಿಸಿತು. ವಿರೋಧ ಎದ್ದ ಮೇಲೆ ಮಂತ್ರಿ ಮಾತು ಹಿಂದಕ್ಕೆ ತಗೊಂಡರು, ವಿಶ್ವವಿದ್ಯಾಲಯವೂ ಸುತ್ತೋಲೆ ವಾಪಸು ಪಡೀತು. ನೋಡಿ, ತಪ್ಪು ಮಾಡಿದವನನ್ನು ಬಿಟ್ಟು ತಪ್ಪಿಗೆ ಸಿಕ್ಕವಳನ್ನ ಮನೆಯೊಳಗೆ ಕೂಡೋದು. ಕೇರಿಯನ್ನ ಊರಾಚೆ ಇಟ್ಟ ಬುದ್ಧಿಯೂ ಇದೇ. ಬೆಳಕು ಹರಿಯೋ ಮೊದಲೇ ಪೊರಕೆ ಹಿಡಿದು ಬೀದಿಗಿಳಿಯುವ ಪೌರಕಾರ್ಮಿಕ ಹೆಂಗಸಿಗೆ ಮಾತ್ರ ಯಾವ ಸುತ್ತೋಲೆಯೂ ಇಲ್ಲ. 2015ರಲ್ಲಿ ಮೈಸೂರು ದೇಶದ ಅತಿ ಸ್ವಚ್ಛ ನಗರ ಅನ್ನಿಸಿಕೊಂಡದ್ದು ಅವಳ ಸೊಂಟದ ನೋವಿನಿಂದ.

ಗೆಳೆಯರೇ, ಮೇಷ್ಟ್ರುಗಳೇ, ಪೊಲೀಸರ ರಿಜಿಸ್ಟರು ಪೊಲೀಸರ ಹತ್ರ ಇರಲಿ. ನಾವೂ ಒಂದು ಪುಸ್ತಕ ಇಡೋಣ. ನಿಮ್ಮೂರಿನ ಬೀದಿದೀಪ ಎಲ್ಲಿಗೆ ನಿಲ್ತದೆ, ನಲ್ಲಿ ಎಲ್ಲಿಗೆ ನಿಲ್ತದೆ, ಯಾರಿಗೆ ಮನೆ ಸಿಗಲಿಲ್ಲ, ದೂರು ಕೊಡಲು ಹೋದ ಯಾರನ್ನ ಠಾಣೆಯಿಂದ ಹಂಗೇ ಕಳಿಸಿದರು, ತಾರೀಖು ಹಾಕಿ ಬರೀರಿ. ಮಕ್ಕಳ ಕೈಲಿ ಬರೆಸಿ. ಈ ದೇಶದಲ್ಲಿ ಅಪರಾಧ ಎಷ್ಟು ಅನ್ನೋದು ಆ ಪುಸ್ತಕ ತುಂಬಿದ ದಿನ ಗೊತ್ತಾಗ್ತದೆ.