ಕಿಮೋಥೆರಪಿ ಪಡೆಯುತ್ತಿರುವ ಮಕ್ಕಳಲ್ಲಿ ಬಾಯಿಹುಣ್ಣು: ಆರೈಕೆ ಮತ್ತು ಚಿಕಿತ್ಸೆ – ಪೋಷಕರಿಗೆ ಮಾಹಿತಿ

ಕ್ಯಾನ್ಸರ್ ಕಾಯಿಲೆಗಾಗಿ ಕಿಮೋಥೆರಪಿ ಪಡೆಯುತ್ತಿರುವ ಮಕ್ಕಳಲ್ಲಿ ಬಾಯಿಹುಣ್ಣು ಸಾಮಾನ್ಯವಾಗಿ ಕಂಡುಬರುವ ತೊಂದರೆಯಾಗಿರುತ್ತದೆ. ಇದರ ಆರೈಕೆಯ ಬಹುಭಾಗವನ್ನು ಪೋಷಕರು ಮನೆಯಲ್ಲಿಯೇ ಕೈಗೊಳ್ಳಬಹುದಾಗಿದೆ. ಆದರೆ ಹುಣ್ಣಿನೊಂದಿಗೆ ಜ್ವರ ಬಂದಲ್ಲಿ ಅಥವಾ ಮಗು ನೀರು ಕುಡಿಯುವುದನ್ನು ನಿಲ್ಲಿಸಿದಲ್ಲಿ ಅದನ್ನು ತುರ್ತು ಸಂದರ್ಭವೆಂದು ಪರಿಗಣಿಸತಕ್ಕದ್ದು.

1. ಕಾರಣ

ಕಿಮೋಥೆರಪಿ ಔಷಧಗಳು ವೇಗವಾಗಿ ವೃದ್ಧಿಯಾಗುವ ಜೀವಕೋಶಗಳನ್ನು ನಾಶಪಡಿಸುತ್ತವೆ. ಬಾಯಿಯ ಒಳಪದರದ ಜೀವಕೋಶಗಳೂ ಇದೇ ಗುಣವುಳ್ಳವಾದುದರಿಂದ ಅವುಗಳಿಗೂ ಹಾನಿಯುಂಟಾಗುತ್ತದೆ. ಮೆಥೊಟ್ರೆಕ್ಸೇಟ್, ಡಾಕ್ಸೊರುಬಿಸಿನ್, ಸೈಟರಬಿನ್ ಮುಂತಾದ ಔಷಧಗಳಿಂದ ಈ ತೊಂದರೆ ಹೆಚ್ಚು. ಸಾಮಾನ್ಯವಾಗಿ ಔಷಧ ನೀಡಿದ 5 ರಿಂದ 10 ದಿನಗಳಲ್ಲಿ ಹುಣ್ಣು ಕಾಣಿಸಿಕೊಂಡು, 2 ರಿಂದ 3 ವಾರಗಳಲ್ಲಿ ವಾಸಿಯಾಗುತ್ತದೆ. ಇದೇ ದಿನಗಳಲ್ಲಿ ರಕ್ತದಲ್ಲಿನ ಬಿಳಿ ರಕ್ತಕಣಗಳ ಸಂಖ್ಯೆಯೂ ಇಳಿಯುವುದರಿಂದ, ಹುಣ್ಣಿನ ಮೂಲಕ ಸೋಂಕು ರಕ್ತಕ್ಕೆ ಸೇರುವ ಅಪಾಯವಿರುತ್ತದೆ.

2. ಪ್ರತಿದಿನದ ಆರೈಕೆ

ಅ) ಮೃದುವಾದ ಬ್ರಷ್‌ನಿಂದ ದಿನಕ್ಕೆ ಎರಡು ಬಾರಿ ಹಲ್ಲುಜ್ಜಿಸುವುದು. ನೋವು ಅಥವಾ ರಕ್ತಸ್ರಾವವಿದ್ದಲ್ಲಿ, ವೈದ್ಯರ ಸಲಹೆಯಂತೆ ಒದ್ದೆ ಮಾಡಿದ ಶುದ್ಧ ಗಾಜ್ ಬಟ್ಟೆಯಿಂದ ಒರೆಸುವುದು.

ಆ) ಕುದಿಸಿ ಆರಿಸಿದ 1 ಲೀಟರ್ ನೀರಿಗೆ 1 ಟೀ ಚಮಚ ಉಪ್ಪು ಹಾಗೂ 1 ಟೀ ಚಮಚ ಅಡುಗೆ ಸೋಡಾ ಬೆರೆಸಿ, ಊಟದ ನಂತರ ಮತ್ತು ಮಲಗುವ ಮುನ್ನ ಬಾಯಿ ಮುಕ್ಕಳಿಸಿ ಉಗುಳಿಸುವುದು. ಹುಣ್ಣು ಇರುವಾಗ, ಮಗು ಎಚ್ಚರವಿರುವ ವೇಳೆಯಲ್ಲಿ, 2 ರಿಂದ 4 ಗಂಟೆಗಳಿಗೊಮ್ಮೆ ಹೀಗೆ ಮಾಡಿಸಬಹುದು. ದ್ರಾವಣವನ್ನು ಪ್ರತಿದಿನ ಹೊಸದಾಗಿ ತಯಾರಿಸತಕ್ಕದ್ದು. ಉಗುಳಲು ಬಾರದ ಚಿಕ್ಕ ಮಕ್ಕಳಿಗೆ ಇದನ್ನು ಬಾಯಿಗೆ ಹಾಕದೆ, ಗಾಜ್ ಬಟ್ಟೆಯನ್ನು ಅದ್ದಿ, ಹಿಂಡಿ, ಮೃದುವಾಗಿ ಒರೆಸತಕ್ಕದ್ದು.

ಇ) ತಣ್ಣಗಾದ ರಾಗಿ ಗಂಜಿ, ಮೆತ್ತಗೆ ಬೇಯಿಸಿದ ಅನ್ನ, ಬೇಳೆಯ ಕಟ್ಟು ಮುಂತಾದ ಮೃದು ಆಹಾರವನ್ನು ಸ್ವಲ್ಪಸ್ವಲ್ಪವಾಗಿ ಪದೇ ಪದೇ ನೀಡುವುದು. ಖಾರ, ಹುಳಿ, ಬಿಸಿ ಪದಾರ್ಥಗಳನ್ನೂ ಚಕ್ಕುಲಿ, ನಿಪ್ಪಟ್ಟಿನಂತಹ ಗಟ್ಟಿ ತಿಂಡಿಗಳನ್ನೂ ನೀಡಬಾರದು.

3. ಆಸ್ಪತ್ರೆಯಲ್ಲಿ ದೊರೆಯುವ ಚಿಕಿತ್ಸೆ

ನೋವಿನ ತೀವ್ರತೆಗನುಗುಣವಾಗಿ ವೈದ್ಯರು ನೋವುನಿವಾರಕಗಳನ್ನು ನೀಡುತ್ತಾರೆ. ತೀವ್ರ ನೋವಿಗೆ ಮಾರ್ಫಿನ್ ಸಹ ನೀಡಲಾಗುತ್ತದೆ. ವೈದ್ಯರ ಮೇಲ್ವಿಚಾರಣೆಯಲ್ಲಿ ನೀಡುವ ಈ ಔಷಧದ ಬಗ್ಗೆ ಪೋಷಕರು ಆತಂಕಪಡುವ ಅಗತ್ಯವಿಲ್ಲ. ಬಾಯಿಯಲ್ಲಿ ಬಿಳಿಯ ಪದರ ಕಂಡುಬಂದಲ್ಲಿ ಅದು ಶಿಲೀಂಧ್ರದ ಸೋಂಕಾಗಿರಬಹುದು. ನೀರುಗುಳ್ಳೆಗಳಿದ್ದಲ್ಲಿ ಹರ್ಪಿಸ್ ವೈರಸ್ ಸೋಂಕಾಗಿರಬಹುದು. ಇವುಗಳಿಗೆ ಪ್ರತ್ಯೇಕ ಔಷಧಗಳಿವೆ. ಆಹಾರ ಸೇವನೆ ಸಾಧ್ಯವಾಗದ ಮಕ್ಕಳಿಗೆ ರಕ್ತನಾಳದ ಮೂಲಕ ದ್ರವವನ್ನು, ಅಗತ್ಯವಿದ್ದಲ್ಲಿ ಮೂಗಿನ ನಳಿಕೆಯ ಮೂಲಕ ಆಹಾರವನ್ನು ನೀಡಲಾಗುತ್ತದೆ. ಕೆಲವು ಆಸ್ಪತ್ರೆಗಳಲ್ಲಿ ಕಡಿಮೆ ಶಕ್ತಿಯ ಲೇಸರ್ ಬೆಳಕಿನ ಚಿಕಿತ್ಸೆಯೂ ಲಭ್ಯವಿರುತ್ತದೆ.

4. ಮಾಡಬಾರದ ಕ್ರಮಗಳು

ಅ) ಆಸ್ಪಿರಿನ್ ಹಾಗೂ ಐಬುಪ್ರೊಫೆನ್ ಮಾತ್ರೆಗಳನ್ನು ವೈದ್ಯರ ಸೂಚನೆಯಿಲ್ಲದೆ ನೀಡಬಾರದು. ಇವುಗಳಿಂದ ರಕ್ತಸ್ರಾವದ ಸಂಭವವಿರುತ್ತದೆ.

ಆ) ಪ್ಯಾರಾಸಿಟಮಾಲ್ ನೀಡುವ ಮುನ್ನ ಜ್ವರವನ್ನು ಅಳೆದು, ವೈದ್ಯರನ್ನು ಕೇಳತಕ್ಕದ್ದು. ಈ ಔಷಧವು ಜ್ವರವನ್ನು ಮರೆಮಾಚಬಹುದಾಗಿದೆ.

ಇ) ಮರಗಟ್ಟಿಸುವ ಜೆಲ್, ಬಿಳಿಗಾರ ಅಥವಾ ನಾಟಿ ಔಷಧಗಳನ್ನು ಸ್ವಂತ ನಿರ್ಧಾರದಿಂದ ಹಚ್ಚಬಾರದು. ಒಂದು ವರ್ಷದೊಳಗಿನ ಶಿಶುಗಳಿಗೆ ಜೇನುತುಪ್ಪವನ್ನು ಯಾವ ಕಾರಣಕ್ಕೂ ನೀಡಬಾರದು.

ಈ) ಚಿಕಿತ್ಸೆ ಮುಂದೂಡಲ್ಪಡಬಹುದೆಂಬ ಭಯದಿಂದ ಹುಣ್ಣಿನ ವಿಷಯವನ್ನು ಮರೆಮಾಚಬಾರದು. ಅದೇ ರೀತಿ, ಮನೆಯಲ್ಲಿ ನೀಡುತ್ತಿರುವ ಕಿಮೋಥೆರಪಿ ಮಾತ್ರೆಗಳನ್ನು ಸ್ವತಃ ನಿಲ್ಲಿಸಲೂಬಾರದು. ಮುಂದಿನ ಔಷಧದ ಪ್ರಮಾಣ ಮತ್ತು ದಿನಾಂಕವನ್ನು ವೈದ್ಯರೇ ನಿರ್ಧರಿಸುತ್ತಾರೆ.

5. ತಕ್ಷಣ ಆಸ್ಪತ್ರೆಗೆ ಕರೆತರಬೇಕಾದ ಸಂದರ್ಭಗಳು

ಅ) 38 ಡಿಗ್ರಿ ಸೆಲ್ಸಿಯಸ್ (100.4 ಡಿಗ್ರಿ ಫ್ಯಾರನ್‌ಹೀಟ್) ಅಥವಾ ಅದಕ್ಕಿಂತ ಹೆಚ್ಚಿನ ಜ್ವರ, ಅಥವಾ ಚಳಿ, ನಡುಕ.
ಆ) ನೀರು ಅಥವಾ ಉಗುಳನ್ನು ನುಂಗಲಾಗದಿರುವುದು; 8 ಗಂಟೆಗಳ ಕಾಲ ಮೂತ್ರ ವಿಸರ್ಜನೆಯಾಗದಿರುವುದು.
ಇ) ನಿಲ್ಲದ ರಕ್ತಸ್ರಾವ ಅಥವಾ ಉಸಿರಾಟದ ತೊಂದರೆ.
ಈ) ಅತಿಯಾದ ನಿದ್ರಾವಸ್ಥೆ ಅಥವಾ ಮಂಕುತನ.

ಇಂತಹ ಸಂದರ್ಭದಲ್ಲಿ ಬೆಳಗಾಗುವವರೆಗೆ ಕಾಯಬಾರದು. ಕರ್ನಾಟಕದಲ್ಲಿ 108 ಆಂಬ್ಯುಲೆನ್ಸ್ ಸೇವೆಗೆ ಕರೆ ಮಾಡಬಹುದು. ದೂರದ ಊರುಗಳಲ್ಲಿರುವವರು ಹತ್ತಿರದ ಆಸ್ಪತ್ರೆಗೆ ತೆರಳಿ, ಮಗುವು ಕಿಮೋಥೆರಪಿ ಪಡೆಯುತ್ತಿರುವುದನ್ನು ಮೊದಲಿಗೇ ತಿಳಿಸಿ, ಚಿಕಿತ್ಸಾ ಪುಸ್ತಕವನ್ನು ತೋರಿಸತಕ್ಕದ್ದು.

6. ಆರ್ಥಿಕ ನೆರವು

2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಡಿ ಬಿ.ಪಿ.ಎಲ್. ಕುಟುಂಬಗಳಿಗೆ ವಾರ್ಷಿಕ ರೂ. 5 ಲಕ್ಷದವರೆಗಿನ ಚಿಕಿತ್ಸಾ ಸೌಲಭ್ಯವಿದ್ದು, ಕ್ಯಾನ್ಸರ್ ಚಿಕಿತ್ಸೆಯೂ ಇದರಲ್ಲಿ ಸೇರಿರುತ್ತದೆ. ಆಧಾರ್ ಕಾರ್ಡ್ ಹಾಗೂ ಪಡಿತರ ಚೀಟಿಯೊಂದಿಗೆ ನೋಂದಾಯಿತ ಆಸ್ಪತ್ರೆಯಲ್ಲಿರುವ ಆರೋಗ್ಯಮಿತ್ರರನ್ನು ಸಂಪರ್ಕಿಸಬಹುದು. ತುರ್ತು ಸಂದರ್ಭದಲ್ಲಿ ದಾಖಲೆಗಳನ್ನು ಹುಡುಕುತ್ತಾ ಕಾಲವ್ಯಯ ಮಾಡದೆ ಮೊದಲು ಮಗುವನ್ನು ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು.

ವಿ.ಸೂ.: ಈ ಮಾಹಿತಿಯು ಸಾಮಾನ್ಯ ತಿಳಿವಳಿಕೆಗಾಗಿ ಮಾತ್ರ. ಚಿಕಿತ್ಸೆ ನೀಡುತ್ತಿರುವ ವೈದ್ಯರ ಸೂಚನೆಯೇ ಅಂತಿಮವಾಗಿರುತ್ತದೆ.