ಒಕ್ಕಲಿನಿಂದ ಪರವಾನಗಿಗೆ: ಪುಣೆಯ ಬಾಡಿಗೆ ಶಾಸನದ ಅರ್ಧಶತಮಾನ

ಕನ್ನಡದ 'ಒಕ್ಕಲು' ಎಂಬ ಪದವು ವಾಸ, ಕುಟುಂಬ, ಗೇಣಿದಾರ ಎಂಬ ಮೂರು ಅರ್ಥಗಳನ್ನೂ ಒಳಗೊಂಡಿದೆ. ಹೊಸ ಮನೆಯನ್ನು ಪ್ರವೇಶಿಸುವುದು 'ಮನೆ ಒಕ್ಕಲು'. ಇದ್ದವರನ್ನು ಹೊರಹಾಕುವುದು 'ಒಕ್ಕಲೆಬ್ಬಿಸುವುದು'. ವಾಸಿಸುವವನಿಗೆ ವಾಸದ ಮೇಲೆ ಒಂದು ಹಕ್ಕುಂಟೆಂಬ ಭಾವನೆ ಈ ಪದಗಳಲ್ಲಿ ಅಡಗಿದೆ. ಅಂಥ ಹಕ್ಕನ್ನು ಶಾಸನವು ಹೇಗೆ ನೀಡಿತು, ಅದು ಬೇರೊಂದು ಪದದ ಮರೆಯಲ್ಲಿ ಹೇಗೆ ಜಾರಿಹೋಯಿತು ಎಂಬುದನ್ನು ಪುಣೆಯ ನಿದರ್ಶನದಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಯುದ್ಧಕಾಲದಲ್ಲಿ ತಲೆದೋರಿದ ವಸತಿಯ ಅಭಾವದ ಹಿನ್ನೆಲೆಯಲ್ಲಿ ಮುಂಬಯಿ ಪ್ರಾಂತವು 1947ರಲ್ಲಿ ಬಾಡಿಗೆ ನಿಯಂತ್ರಣ ಅಧಿನಿಯಮವನ್ನು ರಚಿಸಿತು. ಪುಣೆಯಂತೆ ಧಾರವಾಡ, ಬೆಳಗಾವಿಗಳೂ ಆಗ ಅದೇ ಪ್ರಾಂತದಲ್ಲಿದ್ದವು. 1956ರಲ್ಲಿ ಇವು ಮೈಸೂರು ರಾಜ್ಯವನ್ನು ಸೇರಿದ ಮೇಲೂ 1961ರ ಮೈಸೂರು ಬಾಡಿಗೆ ನಿಯಂತ್ರಣ ಅಧಿನಿಯಮ ಬರುವವರೆಗೆ ಮುಂಬಯಿ ಶಾಸನವೇ ಇಲ್ಲಿ ನಡೆಯಿತು. ಆದ್ದರಿಂದ ಈ ಚರಿತ್ರೆಯ ಮೊದಲ ಅಧ್ಯಾಯ ಉತ್ತರ ಕರ್ನಾಟಕದ್ದೂ ಹೌದು.

1940ರ ಸೆಪ್ಟೆಂಬರ್ 1ರಂದು ಇದ್ದ ಬಾಡಿಗೆಯನ್ನು ಈ ಶಾಸನವು 'ಪ್ರಮಾಣಿತ ಬಾಡಿಗೆ'ಗೆ ಆಧಾರವಾಗಿ ಹಿಡಿಯಿತು. ಬಾಡಿಗೆ ಬಾಕಿ, ಒಳಬಾಡಿಗೆ, ಮಾಲೀಕನ ಸ್ವಂತ ಅಗತ್ಯ ಮುಂತಾದ ನಿರ್ದಿಷ್ಟ ಕಾರಣಗಳಿಲ್ಲದೆ ಒಕ್ಕಲೆಬ್ಬಿಸುವಂತಿರಲಿಲ್ಲ. ಸ್ವಂತ ಅಗತ್ಯವಿದ್ದಾಗಲೂ ಇಬ್ಬರ ಕಷ್ಟಗಳನ್ನು ನ್ಯಾಯಾಲಯವು ತೂಗಿ ನೋಡಬೇಕಿತ್ತು. ಬಾಡಿಗೆಯ ಹೊರತಾಗಿ ಮಾಲೀಕನು 'ಪಗಡಿ' ಹಣ ಪಡೆಯುವುದು ಅಪರಾಧವಾಗಿತ್ತು. ಆದರೆ ದುರಸ್ತಿಯ ವೆಚ್ಚ ವರ್ಷವರ್ಷವೂ ಏರಿದರೂ ಬಾಡಿಗೆ ನಿಂತಲ್ಲೇ ನಿಂತಿತು. ಪುಣೆಯ ಪೇಟೆಗಳ ಹಳೆಯ ವಾಡೆಗಳಲ್ಲಿ ಮಾಲೀಕನು ಗೋಡೆ ಕಟ್ಟಿಸಲಾರ, ಬಾಡಿಗೆದಾರನು ಬಿಟ್ಟು ಹೋಗಲಾರ ಎಂಬ ಸ್ಥಿತಿ ಒದಗಿತು. 1961ರ ಜುಲೈ 12ರ ಪಾನಶೇತ್ ಪ್ರವಾಹವು ನದೀತೀರದ ಪೇಟೆಗಳಲ್ಲಿ ಈ ಶೈಥಿಲ್ಯವನ್ನು ಮತ್ತಷ್ಟು ಹೆಚ್ಚಿಸಿತು.

ಮಾಲೀಕರು ಕಂಡುಕೊಂಡ ದಾರಿ 'ಲೀವ್ ಅಂಡ್ ಲೈಸೆನ್ಸ್' ಕರಾರು. 1882ರ ಎರಡು ಶಾಸನಗಳು ಇದಕ್ಕೆ ಆಧಾರ. ಸ್ವತ್ತು ವರ್ಗಾವಣೆ ಅಧಿನಿಯಮದ ಗೇಣಿಯು ಸ್ವತ್ತಿನಲ್ಲಿ ಹಕ್ಕು ನೀಡುತ್ತದೆ. ಅನುಭೋಗ ಹಕ್ಕುಗಳ ಅಧಿನಿಯಮದ ಪರವಾನಗಿಯು ಕೇವಲ ಅನುಮತಿ. ಪತ್ರದ ಹೆಸರನ್ನಲ್ಲ, ಅದರ ಸಾರವನ್ನು ನೋಡಬೇಕೆಂದು ಸರ್ವೋಚ್ಚ ನ್ಯಾಯಾಲಯವು ಅಸೋಸಿಯೇಟೆಡ್ ಹೋಟೆಲ್ಸ್ ಪ್ರಕರಣದಲ್ಲಿ 1959ರಲ್ಲೇ ಹೇಳಿತ್ತು. ಮಹಾರಾಷ್ಟ್ರದ ತಿದ್ದುಪಡಿಯೊಂದು 1973ರ ಫೆಬ್ರುವರಿ 1ರಂದು ಚಾಲ್ತಿಯಲ್ಲಿದ್ದ ಪರವಾನಗಿಯ ಮೇಲೆ ವಾಸವಿದ್ದವರನ್ನು ಬಾಡಿಗೆದಾರರೆಂದೇ ಪರಿಗಣಿಸಿತು.

ಮಲ್ಪೆ ವಿಶ್ವನಾಥ ಆಚಾರ್ಯ ಪ್ರಕರಣದಲ್ಲಿ 1997ರ ಡಿಸೆಂಬರ್ 19ರಂದು ಸರ್ವೋಚ್ಚ ನ್ಯಾಯಾಲಯವು ಸ್ತಂಭಿತ ಬಾಡಿಗೆಯ ವಿಧಿಗಳು ಕಾಲಕ್ರಮದಲ್ಲಿ ಅಸಮಂಜಸವಾಗಿವೆಯೆಂದು ಅಭಿಪ್ರಾಯಪಟ್ಟಿತು. 2000ದ ಮಾರ್ಚ್ 31ರಂದು ಜಾರಿಗೆ ಬಂದ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಅಧಿನಿಯಮ, 1999 ವಾರ್ಷಿಕ ಶೇ. 4ರ ಏರಿಕೆಗೆ ಅವಕಾಶವಿತ್ತು ಪಗಡಿಯನ್ನೂ ಕಾನೂನುಬದ್ಧಗೊಳಿಸಿತು. ಇದಕ್ಕಿಂತ ಗಮನಾರ್ಹವಾದುದು 24ನೆಯ ಪ್ರಕರಣ. ವಾಸಕ್ಕಾಗಿ ಕೊಟ್ಟ ಪರವಾನಗಿಯ ಅವಧಿ ಮುಗಿದೊಡನೆ ಮನೆ ಬಿಡಬೇಕು. ಬಿಡದಿದ್ದರೆ ಇಮ್ಮಡಿ ಶುಲ್ಕ ತೆರಬೇಕು. ಲಿಖಿತ ಪರವಾನಗಿ ಪತ್ರವು ತನ್ನಲ್ಲಿ ನಮೂದಾದ ಸಂಗತಿಗಳಿಗೆ ನಿರ್ಣಾಯಕ ಸಾಕ್ಷ್ಯವೆಂದೂ ಅಲ್ಲಿ ವಿಧಿಸಲಾಗಿದೆ. ಸಾರವನ್ನು ನೋಡಬೇಕೆಂಬ 1959ರ ತತ್ತ್ವಕ್ಕೆ ಹೀಗೆ ಪತ್ರದ ಹೆಸರೇ ಅಡ್ಡ ನಿಂತಿತು.

55ನೆಯ ಪ್ರಕರಣದಂತೆ ಪ್ರತಿಯೊಂದು ಕರಾರನ್ನೂ ನೋಂದಾಯಿಸಬೇಕು; ಹೊಣೆ ಮಾಲೀಕನದು. ಒಂದು ವರ್ಷ ಮೀರಿದ ಗೇಣಿಗೆ ನೋಂದಣಿ ಕಡ್ಡಾಯವೆಂಬ ಹಳೆಯ ನಿಯಮವನ್ನು ತಪ್ಪಿಸಲು ಹುಟ್ಟಿದ 11 ತಿಂಗಳ ರೂಢಿಗೆ ಅಲ್ಲಿ ಈಗ ಆ ಪ್ರಯೋಜನವಿಲ್ಲ. ರೂಢಿ ಮಾತ್ರ ಉಳಿದಿದೆ.

ಒಂದೇ ಪೇಟೆಯಲ್ಲಿ ಹಳೆಯ ಬಾಡಿಗೆದಾರನಿಗೆ ತಲೆಮಾರಿನ ರಕ್ಷಣೆಯಿದ್ದರೆ, ಪಕ್ಕದ ಮನೆಯ ಪರವಾನಗಿದಾರನಿಗೆ ಕರಾರಿನ ಅವಧಿಯಷ್ಟೇ ಆಸರೆ. ಇಬ್ಬರೂ ಒಲೆ ಹೊತ್ತಿಸಿ ಬಾಳುವವರೇ. 1947ರ ಶಾಸನವು ಒಕ್ಕಲನ್ನು ಅತಿಯಾಗಿ ಬಿಗಿಹಿಡಿದು ಮನೆಯನ್ನು ಶಿಥಿಲಗೊಳಿಸಿತು. 1999ರದು ಮನೆಯನ್ನು ಬಿಡಿಸಿಕೊಟ್ಟು ಹೊಸಬನನ್ನು ಒಕ್ಕಲಲ್ಲವೆಂದಿತು. ವಸತಿಯ ಚರಿತ್ರೆಯನ್ನು ಬರೆಯುವವರು ಬಾಡಿಗೆಯ ಮೊತ್ತವನ್ನಷ್ಟೇ ಅಲ್ಲದೆ, ವಾಸಿಸುವವನನ್ನು ಪತ್ರವು ಏನೆಂದು ಕರೆದಿದೆ ಎಂಬುದನ್ನೂ ಗಮನಿಸುವುದು ಅವಶ್ಯ.